ಗುಲ್ಮಾರ್ಗ್‌ಗೆ ಹೋಗುವ ಮುಂಚೆ ದುರ್ಗದ ಕೋಟೆ ಇಳಿಯಿರಿ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು, ವಿದ್ಯಾನಗರದಲ್ಲಿ ಮನೆ. ವಯಸ್ಸು 38, ತೂಕ 68 ಕೆ.ಜಿ. ಬ್ಯಾಂಕ್ ಕೆಲಸ, ದಿನವೆಲ್ಲ ಕುರ್ಚಿ. ಬರುವ ಜನವರಿಯಲ್ಲಿ ನಾವು ನಾಲ್ಕು ಜನ ಗೆಳತಿಯರು ಮಕ್ಕಳನ್ನು ಕಟ್ಟಿಕೊಂಡು ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಐದು ದಿನ ಸ್ನೋಬೋರ್ಡಿಂಗ್ (ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರೋ ಆಟ) ಕಲಿಯೋಣ ಅಂತ ಆಸೆ. ಹೆಂಗಸರ ಫಿಟ್‌ನೆಸ್‌ಗೆ ಅದು ತುಂಬಾ ಒಳ್ಳೆಯದು, ಗಂಟೆಗೆ 450 ಕ್ಯಾಲೊರಿ ಕರಗುತ್ತೆ ಅಂತ ಓದಿದೆ. ನಿಜಾನಾ? ಮೆಟ್ಟಿಲು ಇಳಿಯುವಾಗ ನನ್ನ ಬಲ ಮಂಡಿ ಸ್ವಲ್ಪ ನೋಯುತ್ತೆ. ನಮ್ಮ ಅತ್ತೆ, ‘ಅದು ಗಂಡು ಹುಡುಗರ ಆಟ, ಕೈಕಾಲು ಮುರ್ಕೊಂಡು ಬಂದ್ರೆ ಯಾರು ನೋಡ್ಕೊಳ್ಳೋದು’ ಅಂತಾರೆ. 13 ವರ್ಷದ ಮಗಳೂ ಜೊತೆಗೆ ಬರ್ತಾಳೆ. ಏನು ಮಾಡಲಿ?

ಉತ್ತರ: ಹೋಗಿ ಬನ್ನಿ. ಆದರೆ ಇವತ್ತು ಸೆಪ್ಟೆಂಬರ್ ಎರಡನೇ ವಾರ. ಜನವರಿಗೆ ಇನ್ನೂ ನಾಲ್ಕು ತಿಂಗಳು ಇದೆ. ನಿಮಗೆ ಸಿಗುವ ಫಿಟ್‌ನೆಸ್ ಲಾಭದಲ್ಲಿ ಮುಕ್ಕಾಲು ಪಾಲು ಈ ನಾಲ್ಕು ತಿಂಗಳಲ್ಲೇ ಇದೆ, ಹಿಮದ ಮೇಲಿನ ಐದು ದಿನದಲ್ಲಿ ಅಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಬಿದ್ದು ಕಲಿತು ಹೇಳುತ್ತಿದ್ದೇನೆ.

ಚಿತ್ರದುರ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತಾ 19 ವರ್ಷ ಆಯಿತು. 42ನೇ ವಯಸ್ಸಿನಲ್ಲಿ ನಾನೂ ನಿಮ್ಮ ಹಾಗೇ ಹುಕಿ ಹತ್ತಿ ಗುಲ್ಮಾರ್ಗ್‌ಗೆ ಹೋಗಿದ್ದೆ. ದಿನಾ ಜನಕ್ಕೆ ವ್ಯಾಯಾಮ ಹೇಳಿಕೊಡೋಳು ನಾನು, ನನಗೇನು ತಯಾರಿ ಅಂತ ಸುಮ್ನೆ ಹೋದೆ. ಬಾಡಿಗೆ ಅಂಗಡಿಯವನು ಒಂದು ಸೈಜ್ ದೊಡ್ಡ ಬೂಟು ಕೊಟ್ಟ. ‘ಎರಡು ಸಾಕ್ಸ್ ಹಾಕ್ಕೊಳ್ಳಿ, ಸರಿಹೋಗುತ್ತೆ’ ಅಂದ. ಹಾಕಿಕೊಂಡೆ. ಮಧ್ಯಾಹ್ನ ಊಟದ ಹೊತ್ತಿಗೆ ಹದಿನೈದು ಸಲ ಬಿದ್ದಿದ್ದೆ. ಹದಿನಾರನೇ ಸಲ ಎಡಗೈ ಊರಿ ಬಿದ್ದೆ. ಮಣಿಕಟ್ಟು ಊದಿಕೊಂಡಿತು. ಊರಿಗೆ ಬಂದ ಮೇಲೆ ಮೂರು ವಾರ ರೊಟ್ಟಿ ತಟ್ಟಲಿಲ್ಲ. ನಮ್ಮ ಮನೆಯವರು ತಟ್ಟೋದು ಕಲಿತರು, ಅದೊಂದು ಲಾಭ.

ಈಗ ಕ್ಯಾಲೊರಿ ವಿಷಯಕ್ಕೆ ಬರೋಣ. ಯಾವ ಕೆಲಸಕ್ಕೆ ದೇಹ ಎಷ್ಟು ಶಕ್ತಿ ಸುಡುತ್ತೆ ಅಂತ ಅಳೆಯೋಕೆ ಮೆಟ್ ಅನ್ನೋ ಲೆಕ್ಕ ಇದೆ. ಸುಮ್ಮನೆ ಕೂತರೆ 1 ಮೆಟ್. ಬಿರುಸಾಗಿ ನಡೆದರೆ ಸುಮಾರು 4ರಿಂದ 5. ಸ್ನೋಬೋರ್ಡಿಂಗ್ ಸಾಧಾರಣ ವೇಗದಲ್ಲಿ ಮಾಡಿದರೆ 5.3, ಪೂರ್ತಿ ಜೋರಾಗಿ ಮಾಡಿದರೆ 8. ಇದನ್ನು ನಿಮ್ಮ ತೂಕದಿಂದ ಗುಣಿಸಿದರೆ ಒಂದು ಗಂಟೆಯ ಕ್ಯಾಲೊರಿ ಹೆಚ್ಚುಕಮ್ಮಿ ಸಿಗುತ್ತೆ. ನಿಮಗೆ 68ಕ್ಕೆ 5.3, ಅಂದರೆ ಸುಮಾರು 360. ಅದೂ ಒಂದು ಗಂಟೆ ಬಿಡದೆ ಜಾರಿದರೆ. ಯಾರು ಬಿಡದೆ ಜಾರುತ್ತಾರೆ? ಸಾಲಿನಲ್ಲಿ ನಿಲ್ಲಬೇಕು, ಬೂಟಿನ ಪಟ್ಟಿ ಬಿಗಿಯಬೇಕು, ಬಿದ್ದು ಎದ್ದು ಉಸಿರು ತಗೋಬೇಕು, ಫೋಟೋ ಬೇರೆ. ಗಂಟೆಯಲ್ಲಿ ಅರ್ಧ ಹಾಗೇ ಹೋಗುತ್ತೆ. ಚಳಿಗೆ ಕೊಬ್ಬು ಕರಗುತ್ತೆ ಅನ್ನೋದನ್ನೂ ಜಾಸ್ತಿ ನಂಬಬೇಡಿ. ದಪ್ಪ ಜಾಕೆಟ್ ಹಾಕಿಕೊಂಡು ಮೈ ಬೆಚ್ಚಗಿದ್ದರೆ ದೇಹ ಚಳಿಗೋಸ್ಕರ ಸುಡೋದು ಅಷ್ಟರಲ್ಲೇ ಇದೆ. ತೂಕ ಇಳಿಸೋದಷ್ಟೇ ಉದ್ದೇಶ ಆದರೆ ವಿಮಾನದ ದುಡ್ಡು ಉಳಿಸಿ. ಕುಂದವಾಡ ಕೆರೆ ಸುತ್ತ ದಿನಾ ನಡೆಯಿರಿ, ಬೆಣ್ಣೆ ದೋಸೆ ತಿಂಗಳಿಗೆ ಎರಡು ಸಲಕ್ಕೆ ನಿಲ್ಲಿಸಿ. (ಪೂರ್ತಿ ಬಿಡಿ ಅಂತ ದಾವಣಗೆರೆಯವರಿಗೆ ಹೇಳೋ ಧೈರ್ಯ ನನಗಿಲ್ಲ.)

ಹಾಗಾದರೆ ಸ್ನೋಬೋರ್ಡಿನ ನಿಜವಾದ ಲಾಭ ಏನು? ಅದು ಕಾಲಿನಲ್ಲಿ, ಸೊಂಟದಲ್ಲಿ, ಮೈಯ ಸಮತೋಲದಲ್ಲಿ ಇದೆ.

ಅಕ್ಕಿ ಕೇರುವಾಗ ಮೊರದ ಒಂದು ಅಂಚು ಎತ್ತಿ ಇನ್ನೊಂದು ಇಳಿಸುತ್ತೀರಲ್ವಾ, ಬೋರ್ಡನ್ನು ನಡೆಸೋದು ಹಾಗೇ. ಬೋರ್ಡಿಗೆ ಎರಡು ಉದ್ದದ ಅಂಚು ಇರುತ್ತವೆ. ಒಂದು ನಿಮ್ಮ ಕಾಲ್ಬೆರಳ ಕಡೆ, ಇನ್ನೊಂದು ಹಿಮ್ಮಡಿ ಕಡೆ. ಬೋರ್ಡು ಮಟ್ಟಸವಾಗಿದ್ದರೆ ಸರ್ರನೆ ಜಾರುತ್ತೆ. ಅಂಚು ಹಿಮಕ್ಕೆ ಕಚ್ಚಿದರೆ ತಿರುಗುತ್ತೆ ಅಥವಾ ನಿಲ್ಲುತ್ತೆ. ಹಿಮ್ಮಡಿ ಅಂಚಿನ ಮೇಲೆ ನಿಲ್ಲಬೇಕು ಅಂದರೆ ಮಂಡಿ ಮಡಚಿ, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಇರಬೇಕು. ಬೆರಳು ಮೇಲಕ್ಕೆ ಎತ್ತಬೇಕು. ಆಗ ತೊಡೆಯ ಮುಂಭಾಗ ಉರಿಯುತ್ತೆ, ಕಾಲಿನ ಮುಂಗಡೆಯ ಸಣ್ಣ ಸ್ನಾಯು ಹಿಡಿದುಕೊಳ್ಳುತ್ತೆ. ಬೆರಳ ಅಂಚಿಗೆ ಬಂದರೆ ಕೆಲಸವೆಲ್ಲ ಮೀನಖಂಡಕ್ಕೆ ಮತ್ತು ಪೃಷ್ಠದ ಸ್ನಾಯುಗಳಿಗೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವಾಗ ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳು ಮೈಯನ್ನು ಹಿಡಿದು ತಿರುಗಿಸಬೇಕು. ಇದೆಲ್ಲ ಒಂದೊಂದು ಸೆಕೆಂಡಿನ ಒಳಗೆ ನಡೆಯುತ್ತೆ. ಕೆಳಗಿನ ಹಿಮ ಒಂದು ಕಡೆ ಗಟ್ಟಿ, ಒಂದು ಕಡೆ ಮೆದು. ಹಾಗಾಗಿ ಪಾದ ಮತ್ತು ಮಿದುಳಿನ ನಡುವೆ ಮಾತುಕತೆ ನಿಲ್ಲೋದೇ ಇಲ್ಲ. ಜಿಮ್ಮಿನ ಮಷೀನ್ ಮೇಲೆ ಕೂತು ಕಾಲು ಒದೆಯೋದರಲ್ಲಿ ಇದು ಸಿಗಲ್ಲ.

ಮತ್ತೆ, ಬಿದ್ದು ಏಳೋದು ಇದೆಯಲ್ಲ. ಎರಡೂ ಕಾಲು ಹಲಗೆಗೆ ಕಟ್ಟಿಕೊಂಡು, ಇಳಿಜಾರಿನಲ್ಲಿ, ದಪ್ಪ ಬಟ್ಟೆಯಲ್ಲಿ ನೆಲದಿಂದ ಏಳೋದು ಅಂದರೆ ಒಂದು ದಂಡ, ಒಂದು ಬೈಠಕ್ ಸೇರಿಸಿದ ಹಾಗೆ. ಮೊದಲ ದಿನ ಅಂಥವು ನಲವತ್ತು ಐವತ್ತು ಆಗುತ್ತವೆ. ಅದರ ಜೊತೆ, ಕಲಿಯುವವರ ಸಣ್ಣ ಇಳಿಜಾರಿನಲ್ಲಿ ಎಷ್ಟೋ ಸಲ ಬೋರ್ಡು ಕಂಕುಳಲ್ಲಿ ಹಿಡಿದು ನಡೆದೇ ಮೇಲೆ ಹತ್ತಬೇಕು. ನಿಜ ಹೇಳಬೇಕು ಅಂದರೆ ಕಲಿಯುವವರಿಗೆ ಜಾರೋದಕ್ಕಿಂತ ಹತ್ತೋದು, ಏಳೋದೇ ದೊಡ್ಡ ವ್ಯಾಯಾಮ.

ನಮ್ಮ ಕಡೆ ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರನ್ನು ನೋಡಿದ್ದೀರಲ್ಲ. ಕುಕ್ಕರಗಾಲಲ್ಲಿ ಕೂತು, ಹಾಗೇ ಮುಂದೆ ಮುಂದೆ ಸರಿಯುತ್ತಾ ಗಂಟೆಗಟ್ಟಲೆ ಕೆಲಸ ಮಾಡುತ್ತಾರೆ. ಮೊನ್ನೆ 60 ದಾಟಿದ ಅಂಥ ಒಬ್ಬರು ಭುಜದ ನೋವಿಗೆ ನನ್ನ ಹತ್ತಿರ ಬಂದಿದ್ದರು. ಕುರ್ಚಿ ಖಾಲಿ ಇದ್ದರೂ ಗೋಡೆ ಪಕ್ಕ ಕುಕ್ಕರಗಾಲಲ್ಲೇ ಕೂತರು. ‘ಮೇಲೆ ಕೂತ್ಕೊಳ್ಳಿ ಅಜ್ಜಿ’ ಅಂದೆ. ‘ಇಲ್ಲೇ ಆರಾಮೈತೆ ಕಣವ್ವ’ ಅಂದರು. ಅದೇ ದಿನ ಆಫೀಸ್ ಕೆಲಸದ 35 ವರ್ಷದ ಒಬ್ಬರಿಗೆ ಹಾಗೆ ಕೂರಲು ಹೇಳಿದೆ. ಹಿಮ್ಮಡಿ ನೆಲಕ್ಕೆ ತಾಗಲಿಲ್ಲ, ಹತ್ತು ಸೆಕೆಂಡಿಗೆ ಹಿಂದಕ್ಕೆ ಬಿದ್ದರು. ನೀವೂ ಇವತ್ತು ರಾತ್ರಿ ಕೂತು ನೋಡಿ. ಮಂಡಿ ನೋಯದಿದ್ದರೆ ಮಾತ್ರ. ಹಿಮ್ಮಡಿ ಊರಿ ಮೂವತ್ತು ಸೆಕೆಂಡ್ ಕೂರೋಕೆ ಆಗದಿದ್ದರೆ ನಿಮ್ಮ ಕಣಕಾಲು, ಸೊಂಟ ಬಿಗಿದಿವೆ ಅಂತ ಅರ್ಥ. ಬೋರ್ಡಿನ ಮೇಲೆ ಮೊದಲು ಕೈಕೊಡೋದು ಅವೇ.

ಈಗ ತಯಾರಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಹತ್ತೋದು ಅಭ್ಯಾಸ ಮಾಡುತ್ತಾರೆ. ಸ್ನೋಬೋರ್ಡಿಗೆ ಬೇಕಾಗಿರೋದು ಇಳಿಯೋದು. ದುರ್ಗದ ಕೋಟೆಗೆ ಬಂದವರನ್ನು ಕೇಳಿ, ಹತ್ತುವಾಗ ಏದುಸಿರು ಬರುತ್ತೆ, ಆದರೆ ಮಾರನೇ ದಿನ ತೊಡೆ ಹಿಡಿದುಕೊಂಡು ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯೋ ಹಾಗೆ ಆಗೋದು ಇಳಿದ ಪ್ರಭಾವಕ್ಕೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಉದ್ದ ಆಗುತ್ತಾ, ಮೈಭಾರವನ್ನು ಬ್ರೇಕ್ ಹಿಡಿದ ಹಾಗೆ ತಡೆಯುತ್ತೆ. ಎಳೆಗಳಿಗೆ ಪೆಟ್ಟು ಬೀಳೋದು ಈ ಬ್ರೇಕ್ ಕೆಲಸದಲ್ಲಿ. ನೋವು ಒಂದೆರಡು ದಿನ ಬಿಟ್ಟು ಏರುತ್ತೆ. ಹಿಮದ ಮೇಲೆ ತೊಡೆ ಮಾಡೋ ಕೆಲಸದಲ್ಲೂ ಈ ಬ್ರೇಕ್ ಹಿಡಿಯೋದೇ ದೊಡ್ಡದು. ಒಳ್ಳೆ ಸುದ್ದಿ ಏನೆಂದರೆ, ಒಂದು ಸಲ ಹಾಗೆ ನೋಯಿಸಿಕೊಂಡ ಸ್ನಾಯು ಕೆಲವು ವಾರದ ಒಳಗೆ ಮತ್ತೆ ಅದೇ ಕೆಲಸ ಮಾಡಿದರೆ ಅಷ್ಟು ನೋಯಲ್ಲ. ಅದು ಕಲಿತಿರುತ್ತೆ. ಮೊದಲ ನೋವನ್ನು ಇಲ್ಲೇ ದುರ್ಗದಲ್ಲಿ ತಿಂದು ಮುಗಿಸಿ. ಗುಲ್ಮಾರ್ಗ್‌ನಲ್ಲಿ ಎರಡನೇ ದಿನ ಹೋಟೆಲ್ ರೂಮಿನಲ್ಲಿ ಮಲಗೋದು ತಪ್ಪುತ್ತೆ.

ದಾವಣಗೆರೆ ಮಟ್ಟಸ ಊರು. ಕೆರೆ ಸುತ್ತಿನ ನಡಿಗೆಯಲ್ಲಿ ಇಳಿಜಾರು ಸಿಗಲ್ಲ. ಹಾಗಾಗಿ ವಾರದಲ್ಲಿ ಮೂರು ದಿನ ಅಪಾರ್ಟ್‌ಮೆಂಟಿನದೋ ಬ್ಯಾಂಕಿನದೋ ಮೆಟ್ಟಿಲು ಹಿಡಿಯಿರಿ. ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಹೌದು, ಉಲ್ಟಾ ಹೇಳುತ್ತಿದ್ದೇನೆ. ನಿಧಾನಕ್ಕೆ, ಒಂದೊಂದು ಮೆಟ್ಟಿಲಿಗೂ ‘ಒಂದು, ಎರಡು’ ಎಣಿಸಿ. ನವೆಂಬರ್ ಹೊತ್ತಿಗೆ ಒಂದು ಭಾನುವಾರ ಬಸ್ ಹತ್ತಿ ದುರ್ಗಕ್ಕೆ ಬನ್ನಿ. ಬರೀ 60 ಕಿ.ಮೀ. ಏಕನಾಥೇಶ್ವರಿ, ಹಿಡಿಂಬೇಶ್ವರ ದೇವಸ್ಥಾನದವರೆಗೆ ಹೋಗಿ ಇಳಿದರೆ ಸಾಕು. ತುಪ್ಪದ ಕೊಳದ ಕಡಿದಾದ ಬಂಡೆ ಹತ್ತೋಕೆ ಹೋಗಬೇಡಿ, ಅದು ಬೇರೆ ಕಥೆ. ಚಪ್ಪಲಿ ಬೇಡ, ಹಿಡಿತ ಇರೋ ಬೂಟು ಹಾಕಿ. ಜನ ಓಡಾಡಿ ಆ ಕಲ್ಲುಗಳು ನುಣ್ಣಗಾಗಿವೆ.

ನಿಮ್ಮ ಮಂಡಿ ನೋವಿನ ಬಗ್ಗೆ. ಇಳಿಯುವಾಗ ಮಾತ್ರ ನೋವು, ಊತ ಇಲ್ಲ, ಮಂಡಿ ಸಿಕ್ಕಿಹಾಕಿಕೊಳ್ಳಲ್ಲ ಅಂದರೆ ಸಾಮಾನ್ಯವಾಗಿ ಅದು ಮಂಡಿಚಿಪ್ಪಿನ ಸುತ್ತಲಿನ ನೋವು. ಕೂತು ಕೆಲಸ ಮಾಡುವ ಹೆಂಗಸರಲ್ಲಿ ಇದು ಬಹಳ. ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯು ಗಟ್ಟಿಯಾದರೆ ಕಮ್ಮಿಯಾಗುತ್ತೆ. ನೀವು ಮಾತ್ರ ಮೆಟ್ಟಿಲಿಗೂ ಮುಂಚೆ ಊಟದ ಮಣೆಯಿಂದ ಶುರು ಮಾಡಿ. ಮಣೆ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಿ ಮತ್ತೆ ಮೇಲೆ ಬನ್ನಿ. ಹತ್ತು ಸಲ, ಎರಡೂ ಕಾಲಿಗೆ. ಕನ್ನಡಿ ಮುಂದೆ ಮಾಡಿ, ಮಂಡಿ ಒಳಕ್ಕೆ ವಾಲಬಾರದು, ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. (ಹೊಸ್ತಿಲು ಸರಿಯಾದ ಎತ್ತರ ಇರುತ್ತೆ. ಆದರೆ ಅದರ ಮೇಲೆ ನಿಂತರೆ ನಿಮ್ಮ ಅತ್ತೆ ನನಗೂ ಸೇರಿಸಿ ಬೈತಾರೆ.) ಇದರ ಜೊತೆ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲೋದು. ಇಪ್ಪತ್ತು ಸೆಕೆಂಡಿನಿಂದ ಶುರು ಮಾಡಿ ಡಿಸೆಂಬರ್‌ಗೆ ಒಂದೂವರೆ ನಿಮಿಷ ತಲುಪಿ. ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ, ಅಭ್ಯಾಸ ಆದ ಮೇಲೆ ದಿಂಬಿನ ಮೇಲೆ ನಿಲ್ಲಿ. ಮೂರು ವಾರದಲ್ಲಿ ನೋವು ಕಮ್ಮಿ ಆಗದಿದ್ದರೆ, ಇಲ್ಲ ಮಂಡಿ ಊದಿದರೆ, ಹತ್ತಿರದ ಮೂಳೆ ಡಾಕ್ಟರಿಗೆ ತೋರಿಸಿ.

ಮಂಡಿಗೆ ಸ್ಕೀಗಿಂತ ಸ್ನೋಬೋರ್ಡೇ ವಾಸಿ. ಸ್ಕೀಯಲ್ಲಿ ಎರಡು ಕಾಲಿಗೆ ಎರಡು ಉದ್ದ ಹಲಗೆ. ಒಂದು ಅತ್ತ, ಒಂದು ಇತ್ತ ಹೋದರೆ ಮಂಡಿ ತಿರುಚಿ ಒಳಗಿನ ಎಸಿಎಲ್, ಅಂದರೆ ಮಂಡಿಯ ಮೂಳೆಗಳನ್ನು ಹಿಡಿದಿಡೋ ಕಟ್ಟು, ಹರಿಯುತ್ತೆ. ಈ ಗಾಯ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತೆ, ಹಾಗಾಗಿ ಮಂಡಿ ಬೇರೆ ಬೇರೆ ದಿಕ್ಕಿಗೆ ತಿರುಚೋದು ಕಮ್ಮಿ. ಒಂದೇ ಕಾಲು ಕಟ್ಟಿಕೊಂಡು, ಇಳಿಜಾರಿನ ಮೇಲಕ್ಕೆ ಒಯ್ಯೋ ಸ್ಕೀ ಲಿಫ್ಟಿನಿಂದ ಇಳಿಯುವಾಗ ಮಾತ್ರ ಹುಷಾರು. ಸ್ನೋಬೋರ್ಡಿನಲ್ಲಿ ಪೆಟ್ಟು ಬೀಳೋದು ಮೇಲ್ಭಾಗಕ್ಕೆ. ಮಣಿಕಟ್ಟು, ಭುಜ, ತಲೆ. ಹಿಂದಕ್ಕೆ ಕೂತು ಬಿದ್ದರೆ ಬಾಲಮೂಳೆ. ಹೊಸಬರಿಗೆ ಮಣಿಕಟ್ಟು ಎಲ್ಲಕ್ಕಿಂತ ಮೊದಲು.

ಆದ್ದರಿಂದ ಬೀಳೋದನ್ನು ಕಲಿತು ಹೋಗಿ. ಮನೆಯಲ್ಲಿ ಎರಡು ಹಾಸಿಗೆ ಜೋಡಿಸಿ ಹಾಕಿ. ಮುಂದಕ್ಕೆ ಬೀಳುವಾಗ ಕೈ ಮುಷ್ಟಿ ಕಟ್ಟಿ, ಮಂಡಿ ಮೊದಲು ಊರಿ, ಮೊಣಕೈಯಿಂದ ಮುಂಗೈವರೆಗೆ ಒಟ್ಟಿಗೆ ತಾಗಿಸಿ ಬೀಳಬೇಕು. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿ, ಮೈ ಕುಗ್ಗಿಸಿ ಕೂತ ಹಾಗೆ ಹೋಗಿ ಬೆನ್ನಿನ ಮೇಲೆ ಉರುಳಬೇಕು. ಕೈ ಹಿಂದಕ್ಕೆ ಚಾಚಲೇಬಾರದು. ಬೀಳುವಾಗ ಅಂಗೈ ಊರೋದು ನಮಗೆ ಹುಟ್ಟಿನಿಂದ ಬಂದ ಚಾಳಿ. ಅದನ್ನು ಬಿಡಿಸೋಕೆ ನೂರು ಸಲ ಬೀಳಬೇಕು. ಮಗಳನ್ನೂ ಸೇರಿಸಿಕೊಳ್ಳಿ, ಅವಳಿಗೆ ಇದು ಆಟ. ನನಗೆ ಕೇಳಿದರೆ ನಿಮಗೆ ಜೀವನಪೂರ್ತಿ ಉಳಿಯೋ ಲಾಭ ಇದೇ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ. ಆಮೇಲೆ ಬಚ್ಚಲಲ್ಲಿ ಜಾರಿದರೆ ಮಣಿಕಟ್ಟೋ ಸೊಂಟವೋ ಮುರಿಯುತ್ತೆ. ನನ್ನ ಕೆಲಸದಲ್ಲಿ ಅರ್ಧ ಅಂಥವರದೇ. ಕಾಲಲ್ಲಿ ಕಸುವು, ಮೈಯಲ್ಲಿ ಸಮತೋಲ ಇದ್ದವರು ಜಾರಿದರೂ ಸಾವರಿಸಿಕೊಳ್ಳುತ್ತಾರೆ.

ಮೂಳೆಯ ಮಾತು ಬಂತು, ಒಂದು ಸ್ಪಷ್ಟ ಮಾಡುತ್ತೇನೆ. ಮೂಳೆ ಹೆಚ್ಚುಕಮ್ಮಿ 30 ವರ್ಷಕ್ಕೆ ತನ್ನ ಪೂರ್ತಿ ಗಟ್ಟಿತನ ಮುಟ್ಟುತ್ತೆ. ಆಮೇಲೆ ನಾವು ಮಾಡೋದೆಲ್ಲ ಉಳಿಸಿಕೊಳ್ಳೋ ಕೆಲಸ. ವರ್ಷಕ್ಕೆ ಐದು ದಿನದ ಸ್ನೋಬೋರ್ಡಿಂಗ್‌ನಿಂದ ಮೂಳೆ ಗಟ್ಟಿಯಾಗಲ್ಲ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತೋದು, ಮೆಟ್ಟಿಲು, ಬೈಠಕ್ ಮಾಡಿದರೆ ಇರೋ ಗಟ್ಟಿತನ ಉಳಿಯುತ್ತೆ. ಮುದ್ದೆ ತಿನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರಲ್ಲ.

ಹೋಗುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಗುಲ್ಮಾರ್ಗ್ 2,650 ಮೀಟರ್. ಅಲ್ಲಿ ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರ ಮಟ್ಟಕ್ಕಿಂತ ನಾಲ್ಕರಲ್ಲಿ ಒಂದು ಪಾಲು ಕಮ್ಮಿ. ರಕ್ತದಲ್ಲಿ ಅದನ್ನು ಹೊರುವ ಹಿಮೋಗ್ಲೋಬಿನ್ನೂ ಕಮ್ಮಿ ಇದ್ದರೆ ಹತ್ತು ಹೆಜ್ಜೆಗೆ ಸುಸ್ತು. ‘ನನಗೆ ವಯಸ್ಸಾಯ್ತು, ಈ ಆಟ ಆಗಲ್ಲ’ ಅಂದುಕೊಂಡು ವಾಪಸ್ ಬರುತ್ತೀರಿ. ಪಾಪ, ತಪ್ಪು ವಯಸ್ಸಿನದಲ್ಲ. 12 ಗ್ರಾಂಗಿಂತ ಕೆಳಗಿದ್ದರೆ ಡಾಕ್ಟರನ್ನು ಕೇಳಿ ಈಗಲೇ ಕಬ್ಬಿಣದ ಮಾತ್ರೆ ಶುರು ಮಾಡಿ, ತುಂಬಿಕೊಳ್ಳೋಕೆ ತಿಂಗಳುಗಳೇ ಬೇಕು. ಮಾತ್ರೆ ತಗೊಂಡ ತಕ್ಷಣ ಟೀ ಕುಡಿಯಬೇಡಿ. ತಲುಪಿದ ಮೊದಲ ದಿನ ಸುಮ್ನೆ ಓಡಾಡಿ, ಬೋರ್ಡು ಮುಟ್ಟಬೇಡಿ. ಗೊಂಡೋಲದ (ಅಲ್ಲಿನ ಕೇಬಲ್ ಕಾರ್) ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ಯುತ್ತೆ. ನೋಡೋಕೆ ಹೋಗಿ ಬನ್ನಿ, ಬೋರ್ಡ್ ಹಿಡಿದು ಹೋಗಬೇಡಿ. ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ಇದೆ, ಹೊಸಬರ ಜಾಗ ಅಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಅವರು ಬೋರ್ಡ್ ಹತ್ತಲೇಬಾರದು. ಇತ್ತೀಚೆಗೆ ಹೆರಿಗೆ ಆದವರು ಡಾಕ್ಟರನ್ನು ಕೇಳಬೇಕು.

ಬಾಡಿಗೆ ಅಂಗಡಿಯಲ್ಲಿ ಸಂಕೋಚ ಪಡಬೇಡಿ. ಹೆಂಗಸರ ಬೂಟು ಬೇರೆ ಇರುತ್ತೆ. ನಮ್ಮ ಮೀನಖಂಡ ಗಂಡಸರದಕ್ಕಿಂತ ಕೆಳಗಿನಿಂದಲೇ ಶುರುವಾಗುತ್ತೆ, ಅದಕ್ಕೆ ಬೂಟಿನ ಕತ್ತು ಗಿಡ್ಡ. ಬೋರ್ಡೂ ಕಿರಿದು, ಸ್ವಲ್ಪ ಬಾಗುವಂಥದ್ದು. ಬೂಟು ಕಟ್ಟಿಕೊಂಡು ಮಂಡಿ ಮುಂದಕ್ಕೆ ಬಗ್ಗಿಸಿದಾಗ ಹಿಮ್ಮಡಿ ಮೇಲೆ ಏಳಬಾರದು. ಎದ್ದರೆ ಬೇರೆ ಕೊಡಿ ಅನ್ನಿ. ಸಾಕ್ಸ್ ಒಂದೇ ಜೊತೆ. ಹೆಲ್ಮೆಟ್ ಅಲ್ಲೇ ಸಿಗುತ್ತೆ. ಮಣಿಕಟ್ಟಿನ ಗಾರ್ಡ್ ಸಿಗದೆಯೂ ಇರಬಹುದು. ದಾವಣಗೆರೆಯ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸ್ಕೇಟಿಂಗ್‌ಗೆ ಬಳಸೋದನ್ನೇ ಕೊಂಡು ಹೋಗಿ. ಜೀನ್ಸ್ ಬೇಡ, ಒದ್ದೆಯಾದರೆ ಮುಗೀತು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇ 80ರವರೆಗೂ ವಾಪಸ್ ಮುಖಕ್ಕೆ ಎರಚುತ್ತೆ, ಗಾಗಲ್, ಸನ್‌ಸ್ಕ್ರೀನ್ ಮರೀಬೇಡಿ. ಜೇಬಿನಲ್ಲಿ ಶೇಂಗಾ ಉಂಡೆ ಇರಲಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ಗಂಟೆಗೊಮ್ಮೆ ನೀರು ಕುಡಿಯಿರಿ. ನನ್ನ ಕಾಶ್ಮೀರಿ ಮಾಸ್ತರು ಐದು ದಿನವೂ ಹೇಳಿದ್ದು ಒಂದೇ ಮಾತು: ‘ಮೇಡಂ, ನೀಚೆ ಮತ್ ದೇಖೋ.’ ಕಾಲು ನೋಡಿಕೊಂಡರೆ ಕಾಲ ಹತ್ತಿರವೇ ಬೀಳುತ್ತೀರಿ. ಎಲ್ಲಿ ಹೋಗಬೇಕೋ ಅಲ್ಲಿ ನೋಡಿ, ಭುಜ ತಿರುಗುತ್ತೆ, ಅದರ ಹಿಂದೆ ಬೋರ್ಡು ಬರುತ್ತೆ. ಮೂರನೇ ದಿನ ಮಧ್ಯಾಹ್ನ ನನಗೆ ಇದು ಹೊಳೆಯಿತು. ಆ ನಾಲ್ಕು ತಿರುವುಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ. ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತು ಅನ್ನೋದು ಬೇರೆ ವಿಷಯ.

ಇನ್ನು ನಿಮ್ಮ ಅತ್ತೆಯವರಿಗೆ. ಗಂಡು ಹುಡುಗರ ಆಟ ಅಂದರಲ್ಲ, ಇವತ್ತಿನ ಸ್ನೋಬೋರ್ಡಿಗೆ ದಾರಿ ಮಾಡಿಕೊಟ್ಟ ಹಲಗೆ ಹುಟ್ಟಿದ್ದೇ ಹೆಣ್ಣುಮಕ್ಕಳಿಗೋಸ್ಕರ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಅನ್ನೋರು ಮನೆಯಲ್ಲಿ ಗಲಾಟೆ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು ಹೊರಗೆ ಆಡಿಸೋಕೆ ಎರಡು ಸ್ಕೀ ಜೋಡಿಸಿ ಹಲಗೆ ಮಾಡಿಕೊಟ್ಟರು. ಅದಕ್ಕೆ ಸ್ನರ್ಫರ್ ಅಂತ ಹೆಸರಿಟ್ಟಿದ್ದು ಅವರ ಹೆಂಡತಿ. 1998ರಲ್ಲಿ ಜಪಾನಿನ ನಾಗಾನೊದಲ್ಲಿ ಸ್ನೋಬೋರ್ಡಿಂಗ್ ಒಲಿಂಪಿಕ್ಸ್‌ಗೆ ಬಂದಾಗಲೇ ಹೆಂಗಸರ ಸ್ಪರ್ಧೆಯೂ ಇತ್ತು. ಫ್ರಾನ್ಸಿನ ಕರೀನ್ ರೂಬಿ ಚಿನ್ನ ಗೆದ್ದರು. 2018ರಲ್ಲಿ ಚೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀಯಲ್ಲೂ ಚಿನ್ನ, ಸ್ನೋಬೋರ್ಡಿನಲ್ಲೂ ಚಿನ್ನ ತಗೊಂಡರು. ಇದನ್ನೆಲ್ಲ ವಾದಕ್ಕೆ ಹೇಳಬೇಡಿ, ಕಾಫಿ ಕುಡಿಯುವಾಗ ಹೇಳಿ. ಕೈಕಾಲಿನ ಚಿಂತೆ ಮಾತ್ರ ಅವರದು ನ್ಯಾಯವಾದದ್ದು. ಹಾಸಿಗೆ ಮೇಲೆ ಬೀಳೋದನ್ನು ಅವರ ಮುಂದೆಯೇ ಅಭ್ಯಾಸ ಮಾಡಿ.

ಮಗಳು 13 ಅಂದಿರಿ. ಅವಳ ಮೂಳೆಯ ತುದಿ ಇನ್ನೂ ಬೆಳೀತಾ ಇರುತ್ತೆ, ಅಲ್ಲಿ ಪೆಟ್ಟಾದರೆ ತೊಂದರೆ. ಅದಕ್ಕೆ ಮಣಿಕಟ್ಟಿನ ಗಾರ್ಡ್ ಇಲ್ಲದೆ ಅವಳನ್ನು ಬೋರ್ಡ್ ಹತ್ತಿಸಬೇಡಿ. ಅವಳಿಗೂ ಹಿಮೋಗ್ಲೋಬಿನ್ ನೋಡಿಸಿ. ಇಬ್ಬರಿಗೂ ಒಬ್ಬನೇ ಮಾಸ್ತರು ಬೇಡ, ಬೇರೆ ಬೇರೆ ಗುಂಪಿಗೆ ಸೇರಿ. ಅವಳು ಎರಡನೇ ದಿನಕ್ಕೇ ನಿಮ್ಮನ್ನು ದಾಟಿ ಹೋಗುತ್ತಾಳೆ. ಹಿಂದೆ ಬೆನ್ನಟ್ಟಬೇಡಿ, ನನ್ನ ಹದಿನಾರನೇ ಬೀಳು ಹಾಗೇ ಆಗಿದ್ದು.